ಅರಸಿಯರ ಹೆಸರು ಹೊತ್ತ ಕಲ್ಲು

ಬಾಲ್ಯದಲ್ಲಿ ನಾವು ಅಕ್ಷರ ತಿದ್ದಿದ ಸ್ಲೇಟು ಕಲ್ಲೇ ವೇಲ್ಸ್ ದೇಶದಲ್ಲಿ ಮನೆಗಳ ಮಾಡಿಗೂ ಹೊದಿಕೆಯಾಗಿರುವುದು. ಅಲ್ಲಿಯ ಪೆನ್ರಿನ್ ಗಣಿಯ ಶಿಲೆಯು ಸುಮಾರು 50 ಕೋಟಿ ವರುಷಗಳ ಹಿಂದೆ ಸಮುದ್ರದ ತಳದಲ್ಲಿ ನೆಲೆಗೊಂಡ ನುಣ್ಣನೆಯ ಕೆಸರು. ಭೂಗರ್ಭದ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಅದರ ಕಣಗಳೆಲ್ಲ ಒಂದೇ ದಿಕ್ಕಿಗೆ ಸಾಲುಗೊಂಡುದರಿಂದ, ಉಳಿಯ ಪೆಟ್ಟಿಗೆ ಅದು ತೆಳ್ಳನೆಯ ಹಲಗೆಗಳಾಗಿ ಸೀಳುವುದು. ಅದು ನೀರನ್ನು ಹೀರದು. ಒಳ್ಳೆಯ ಮಾಡು ನೂರು ವರುಷ ಬಾಳುವುದು.

ಈ ಹಲಗೆಗಳಿಗೆ ಕುಲೀನ ಸ್ತ್ರೀಯರ ಬಿರುದುಗಳನ್ನಿಡುವುದು ವಾಡಿಕೆಯಾಯಿತು: 24 ಅಂಗುಲ ಉದ್ದ, 12 ಅಂಗುಲ ಅಗಲವುಳ್ಳದ್ದು ‘ಡಚೆಸ್’, 20ಕ್ಕೆ 10 ಆದುದು ‘ಕೌಂಟೆಸ್’, 16ಕ್ಕೆ 8 ಆದುದು ‘ಲೇಡಿ’. ಕಲ್ಲನ್ನು ಸೀಳಿದವನ ಹೆಸರಾದರೋ ಯಾವ ಹಲಗೆಗೂ ಬರಲಿಲ್ಲ. ಅದರ ಧೂಳು ಅನೇಕರ ಶ್ವಾಸಕೋಶಗಳನ್ನು ಕೆಡಿಸಿತು. ತಮ್ಮ ಸಂಘದ ಹಕ್ಕಿಗಾಗಿ ಪೆನ್ರಿನ್ ಕೆಲಸಗಾರರು 1900ರಿಂದ 1903ರ ವರೆಗೆ ಹೋರಾಡಿ ಸೋತರು; ಆ ಮೂರು ವರುಷಗಳ ಬಡತನವನ್ನು ಅವರ ಹೆಂಡಿರು ಮಕ್ಕಳೂ ಸಹಿಸಿದರು.

2021ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಗಣಿನಾಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈ ಗೌರವವು ಉಚಿತವೇ. ಆದರೆ ಅದು ಶಿಲೆಗಿಂತ ಮೊದಲು ಆ ಕೈಗಳಿಗೆ ಸಲ್ಲತಕ್ಕುದೆಂದು ನನ್ನ ಅಭಿಪ್ರಾಯ. ಮಾಡಿನ ಕೆಳಗೆ ಬೆಚ್ಚಗೆ ಕುಳಿತವರು ಮಾಡನ್ನು ಹೊದಿಸಿದವರನ್ನು ಮರೆಯಬಾರದು.