ಸೈಕಲ್ ಚೈನು ಎಷ್ಟು ಬಿಗಿ ಇರಬೇಕು?

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಿಂದ ಐದು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಂದು ಪರೀಕ್ಷೆ. ಹೊತ್ತಾಗಿದೆ. ರಸ್ತೆಯ ಏರಿನಲ್ಲಿ ಸೀಟಿನಿಂದೆದ್ದು ಪೆಡಲಿನ ಮೇಲೆ ಮೈಭಾರವನ್ನೆಲ್ಲ ಹಾಕುತ್ತಾಳೆ. ‘ಕಟಕ್’ ಎಂದು ಚೈನು ಜಾರುತ್ತದೆ. ಕಾಲಿಗೆ ಆಧಾರ ತಪ್ಪುತ್ತದೆ, ಹ್ಯಾಂಡಲ್ ಹೊರಳುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಮೊಣಕಾಲು ತರಚಿ, ಸಮವಸ್ತ್ರಕ್ಕೆ ಕಪ್ಪು ಮಸಿ ಹತ್ತಿ ಅಷ್ಟಕ್ಕೇ ಮುಗಿಯುತ್ತದೆ. ಕುಣಿಗಲ್ ಬಳಿ ಬೆಂಗಳೂರು–ಮಂಗಳೂರು ಹೆದ್ದಾರಿಯಂಥ ಕಡೆ, ಹಿಂದೆ ಲಾರಿ ಬರುತ್ತಿದ್ದರೆ? ಒಂದು ಬೆರಳಗಲದ ಜೋಲಿನ ಬೆಲೆ ಅಷ್ಟು ದೊಡ್ಡದಾಗಬಹುದು.

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಕೊರೊನಾ ಬಂದ 2020ರಲ್ಲಿ ವಿತರಣೆ ನಿಂತಿತು. ಅಕ್ಕ ತುಳಿದ ಸೈಕಲ್ಲನ್ನೇ ತಂಗಿ ತುಳಿಯುವ ಮನೆಗಳು ಕಡಿಮೆಯೇನಲ್ಲ. ಹಳೆಯ ಸೈಕಲ್ಲು ಕೆಟ್ಟದ್ದಲ್ಲ. ಆದರೆ ಅದರ ಚೈನನ್ನು ಯಾರಾದರೂ ನೋಡಿದ್ದಾರೆಯೇ ಎಂಬುದು ಪ್ರಶ್ನೆ.

ಮೊದಲು ಸ್ವಲ್ಪ ಲೆಕ್ಕ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿರುವ ಸೈಕಲ್ಲನ್ನು ತೆಗೆದುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 44 ÷ 18, ಎಂದರೆ ಸುಮಾರು 2.44 ಸುತ್ತು ತಿರುಗುತ್ತದೆ. 26 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಆದ್ದರಿಂದ ಒಂದು ತುಳಿತದ ಸುತ್ತಿಗೆ ಸೈಕಲ್ಲು ಐದು ಮೀಟರ್ ಮುಂದೆ ಹೋಗುತ್ತದೆ. ಶಾಲೆಗೆ ಹೋಗಿ ಬರುವ ಹತ್ತು ಕಿಲೋಮೀಟರಿಗೆ 2,000 ಸುತ್ತು. ಚೈನಿನಲ್ಲಿ 100 ಕೀಲುಗಳಿದ್ದರೆ ಪ್ರತಿಯೊಂದು ಕೀಲೂ ದಿನಕ್ಕೆ 880 ಬಾರಿ ಪೂರ್ತಿ ಸುತ್ತು ಹಾಕುತ್ತದೆ. ಒಂದು ಸುತ್ತಿನಲ್ಲಿ ಅದು ಎರಡು ಹಲ್ಲುಚಕ್ರಗಳ ಮೇಲೂ ಮಡಿಚಿಕೊಳ್ಳಬೇಕು. ಹಾಗಾದರೆ ದಿನಕ್ಕೆ 1,760 ಸಲ ಮಡಿಚಿ, ಅಷ್ಟೇ ಸಲ ನೆಟ್ಟಗಾಗುತ್ತದೆ! ಇಳಿಜಾರಿನಲ್ಲಿ ತುಳಿಯದೆ ಬಿಟ್ಟರೆ ಈ ಲೆಕ್ಕ ತುಸು ಕಡಿಮೆಯಾದೀತು.

ಹೀಗೆ ಉಜ್ಜಾಡಿದರೆ ಸವೆಯದೇ ಇದ್ದೀತೆ? ‘ಚೈನು ಹಿಗ್ಗಿದೆ’ ಎಂದು ಸೈಕಲ್ ಶಾಪಿನವರು ಹೇಳುವುದುಂಟು. ನಿಜವಾಗಿ ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ. ಪ್ರತಿ ಕೀಲಿನಲ್ಲಿರುವ ಪಿನ್ನೂ ಅದನ್ನು ಸುತ್ತಿದ ಕೊಳವೆಯೂ ಉಜ್ಜಿ ಸವೆದಿರುತ್ತವೆ. ಒಂದೊಂದು ಕೀಲಿನ ಸವೆತ ತಲೆಗೂದಲಿನ ದಪ್ಪದಷ್ಟು, ಎಂದರೆ ಸುಮಾರು 0.07 ಮಿಲಿಮೀಟರ್ ಎಂದುಕೊಳ್ಳಿ. ನೂರು ಕೀಲು ಸೇರಿದರೆ ಏಳು ಮಿಲಿಮೀಟರ್! ಹನಿ ಹನಿ ಕೂಡಿದರೆ ಹಳ್ಳವಾದಂತೆ.

ಇದನ್ನು ಒಂದಡಿ ಉದ್ದದ ಸ್ಕೇಲಿನಲ್ಲೇ ಅಳೆಯಬಹುದು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. ಆದ್ದರಿಂದ ಸ್ಕೇಲಿನ ಸೊನ್ನೆಯ ಗೆರೆಗೆ ಒಂದು ಪಿನ್ನಿನ ನಡುವನ್ನು ಹಿಡಿದರೆ, ಅಲ್ಲಿಂದ 24ನೆಯ ಪಿನ್ನು ಸರಿಯಾಗಿ 12 ಅಂಗುಲದ ಮೇಲೆ ನಿಲ್ಲಬೇಕು. ಅದು ಅಂಗುಲದ ಹದಿನಾರನೇ ಒಂದು ಭಾಗ, ಎಂದರೆ ಒಂದೂವರೆ ಮಿಲಿಮೀಟರಿನಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಹತ್ತಿರವಾಯಿತು. ಎಂಟನೇ ಒಂದು ಭಾಗ ದಾಟಿದ್ದರೆ ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚು. ಸವೆದ ಚೈನಿನ ಕೀಲುಗಳ ಅಂತರ ಹಲ್ಲುಗಳ ಅಂತರಕ್ಕೆ ಹೊಂದುವುದಿಲ್ಲ. ಅದು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರುತ್ತದೆ. ಜೋರಾಗಿ ತುಳಿದಾಗ ಹಾರುತ್ತದೆ. ಇಂಥ ಚೈನನ್ನು ಎಷ್ಟು ಎಳೆದು ಕಟ್ಟಿದರೂ ಫಲವಿಲ್ಲ. ಬಿಗಿ ಮಾಡಿದರೆ ಜೋಲು ಹೋಗುತ್ತದೆ, ಸವೆತ ಹೋಗುವುದಿಲ್ಲ.

ಚೈನು ಸವೆದಿಲ್ಲ, ಬರಿದೇ ಜೋಲುಬಿದ್ದಿದೆ ಎನ್ನೋಣ. ಹಾಗಾದರೆ ವೀಣೆಯ ತಂತಿಯಂತೆ ಬಿಗಿದುಬಿಟ್ಟರೆ ಆಯಿತಲ್ಲ? ಇಲ್ಲೇ ಹಲವರು ಎಡವುವುದು. ಬಟ್ಟೆ ಒಣಹಾಕುವ ನಾಲ್ಕು ಮೀಟರ್ ಹಗ್ಗವನ್ನು ನೋಡಿ. ನಡುವೆ ಎರಡು ಕಿಲೋ ತೂಗುವ ಒದ್ದೆ ಬಟ್ಟೆ ಹಾಕಿದಾಗ ಹಗ್ಗ 40 ಸೆಂಟಿಮೀಟರ್ ಜಗ್ಗಿದರೆ ಗೋಡೆಯ ಮೊಳೆಯ ಮೇಲೆ ಬೀಳುವ ಎಳೆತ ಸುಮಾರು ಐದು ಕಿಲೋ ತೂಕಕ್ಕೆ ಸಮ. ಹತ್ತೇ ಸೆಂಟಿಮೀಟರ್ ಜಗ್ಗುವಂತೆ ಬಿಗಿದರೆ ಅದೇ ಬಟ್ಟೆ ಇಪ್ಪತ್ತು ಕಿಲೋ ಎಳೆತ ಹಾಕುತ್ತದೆ. ಜೋಲು ಕಡಿಮೆಯಾದಷ್ಟೂ ಎಳೆತ ಏರುತ್ತದೆ. ಅತಿ ಬಿಗಿಯಾದ ಚೈನೂ ಹಾಗೆಯೇ ಎರಡೂ ಕಡೆಯ ಬೇರಿಂಗುಗಳನ್ನು ಎಳೆದು ಹಿಡಿಯುತ್ತದೆ. ತುಳಿಯುವವರ ಬಲದ ಒಂದಂಶ ರಸ್ತೆಗೆ ಹೋಗದೆ ಘರ್ಷಣೆಗೆ ಹೋಗುತ್ತದೆ. ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀನಿನ ಪಟ್ಟಿ ಸಡಿಲವಾದರೆ ಸವಾರ ಬೀಳುತ್ತಾನೆ, ಅತಿ ಬಿಗಿಯಾದರೆ ಕುದುರೆ ನರಳುತ್ತದೆ.

ಇದೇ ನಿಯಮ ಹಿಮದ ನಾಡಿನಲ್ಲೂ ನಡೆಯುತ್ತದೆ. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ಬಳಸುವ ಹಿಮ ಸ್ಕೂಟರಿಗೆ ಹಿಂದೆ ಚಕ್ರವಿಲ್ಲ. ಅಗಲವಾದ ರಬ್ಬರ್ ಪಟ್ಟಿ ಸುತ್ತುತ್ತದೆ. ಈ ಬಗೆಯ ವಾಹನದ ಹಿಂದೆ ಒಬ್ಬ ತಂದೆಯ ದುಃಖವಿದೆ. ಕೆನಡಾದ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಅವರ ಎರಡು ವರ್ಷದ ಮಗ 1934ರ ಚಳಿಗಾಲದಲ್ಲಿ ಕಾಯಿಲೆ ಬಿದ್ದ. ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಗಾಗಿ ಮೊದಲೇ ಪ್ರಯೋಗ ನಡೆಸುತ್ತಿದ್ದ ಆತ ಛಲ ಬಿಡಲಿಲ್ಲ. 1937ರಲ್ಲಿ ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಪಡೆದ. 1959ರಲ್ಲಿ ‘ಸ್ಕಿ-ಡೂ’ ಎಂಬ ಹಗುರ ವಾಹನ ಹೊರಬಂತು. ಅದರ ಪಟ್ಟಿ ಸಡಿಲವಾದರೆ ಹಲ್ಲುಗಳ ಮೇಲೆ ಹಾರುತ್ತದೆ, ಬಿಗಿಯಾದರೆ ವೇಗ ಕುಗ್ಗುತ್ತದೆ. ಪಟ್ಟಿಯ ನಡುವೆ ಗೊತ್ತಾದ ತೂಕ ತೂಗುಹಾಕಿ, ಎಷ್ಟು ಜೋತಿತು ಎಂದು ಅಳೆದು ಸರಿಪಡಿಸುತ್ತಾರೆ.

ಗೇರಿಲ್ಲದ ಸೈಕಲ್ಲಿಗೆ ಇಷ್ಟು ಭಾರದ ಏರ್ಪಾಡು ಬೇಕಿಲ್ಲ. ಎರಡು ಹಲ್ಲುಚಕ್ರಗಳ ನಡುಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಒತ್ತಿದಾಗ ಒಟ್ಟು ಅರ್ಧ ಅಂಗುಲದಷ್ಟು ಆಡಬೇಕು. ಪೆಡಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಕಡೆ ನೋಡಬೇಕು. ಹಲ್ಲುಚಕ್ರ ಪೂರ್ತಿ ದುಂಡಗಿರುವುದು ಅಪರೂಪವಾದ್ದರಿಂದ ಒಂದು ಕಡೆ ಚೈನು ಹೆಚ್ಚು ಬಿಗಿಯಾಗಿರುತ್ತದೆ. ಅಳತೆ ಅಲ್ಲಿಯದೇ ಆಗಬೇಕು. ಸರಿಪಡಿಸಲು ಹಿಂದಿನ ಚಕ್ರದ ಎರಡೂ ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ಎರಡೂ ಬದಿಗೆ ಸಮನಾಗಿ ಹಿಂದಕ್ಕೆ ಎಳೆಯಬೇಕು. ಟೈರು ಫ್ರೇಮಿನ ಎರಡು ಕಂಬಿಗಳ ನಡುವೆ ಸರಿಯಾಗಿ ಇದೆಯೇ ನೋಡಿ, ನಟ್ಟುಗಳನ್ನು ಭದ್ರಪಡಿಸಬೇಕು. ಚಕ್ರ ಸರಿದರೆ ಬ್ರೇಕಿನ ಜಾಗವೂ ತಪ್ಪುವುದರಿಂದ ಬ್ರೇಕನ್ನು ಪರೀಕ್ಷಿಸದೆ ರಸ್ತೆಗಿಳಿಯಬಾರದು. ಗೇರ್ ಸೈಕಲ್ಲಿನಲ್ಲಿ ಈ ಕೆಲಸವನ್ನು ಸ್ಪ್ರಿಂಗ್ ತೋಳೊಂದು ತಾನೇ ಮಾಡಿಕೊಳ್ಳುತ್ತದೆ.

ಇನ್ನು ಎಣ್ಣೆಯ ಮಾತು. ತೆಂಗಿನ ಸೀಮೆಯಾದ ತುಮಕೂರು ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಚೈನಿನ ಕೀಲಿನೊಳಗೆ ಹರಿದೀತೆ? ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದೂ ಬೇಡ. ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪ್ರತಿ ಕೀಲಿಗೂ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಕೀಲಿನ ಒಳಗೆ. ಹೊರಗೆ ಉಳಿದರೆ ಕೆಮ್ಮಣ್ಣಿನ ಧೂಳನ್ನು ಹಿಡಿದು ಉಪ್ಪುಕಾಗದದಂತೆ ಉಜ್ಜುತ್ತದೆ.

ತಂದೆತಾಯಿಗಳು ಗಮನಿಸಬೇಕಾದದ್ದು ಒಂದಿದೆ. ಪೆಡಲು ತಿರುಗುತ್ತಿರುವಾಗ ಚೈನು ಹಲ್ಲನ್ನು ಸೇರುವ ಜಾಗಕ್ಕೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ತರಕೂಡದು. ಒಬ್ಬರು ತಿರುಗಿಸಿ ಇನ್ನೊಬ್ಬರು ಒರೆಸುವಾಗ ಬೆರಳು ಸಿಕ್ಕಿಕೊಳ್ಳುವುದುಂಟು. ದುಪಟ್ಟಾ, ಲಂಗಗಳನ್ನು ಕಾಯುವ ಚೈನ್ ಕವರನ್ನು ಶಬ್ದ ಬರುತ್ತದೆಂದು ಕಿತ್ತೆಸೆಯುವುದೂ ಸಲ್ಲದು.

ಮಾಡಿ ನೋಡಿ: ಈ ಭಾನುವಾರ ನಿಮ್ಮ ಮನೆಯ ಸೈಕಲ್ಲಿನ ಎರಡೂ ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿ. ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಎಂದು ಲೆಕ್ಕ ಹಾಕಿ. ಅಂಗಳದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಸೈಕಲ್ಲನ್ನು ತಳ್ಳದೆ ಪೆಡಲನ್ನು ಕೈಯಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ ಅಳೆಯಿರಿ. ಲೆಕ್ಕ ಮತ್ತು ಅಳತೆ ಎಷ್ಟರ ಮಟ್ಟಿಗೆ ಹೊಂದಿದವು? ಹಾಗೆಯೇ 24 ಪಿನ್ನುಗಳನ್ನೂ ಅಳೆದುಬಿಡಿ. ಸೋಮವಾರ ಬೆಳಗ್ಗೆ ಆ ಏರಿನಲ್ಲಿ ಚೈನು ಜಾರಬಾರದಲ್ಲ?