ಮೆತ್ತನೆಯ ರಬ್ಬರು, ಸವೆದ ಉಕ್ಕು

'ಸ್ಟರ್ನ್ ಡ್ರೈವ್' ಮೋಟಾರು ದೋಣಿಯಲ್ಲಿ ಎಂಜಿನ್ ಒಳಗಿರುತ್ತದೆ. ಗೇರುಗಳೂ ಪ್ರೊಪೆಲರೂ ಹಿಂಬದಿಯ ಹೊರಗೆ, ನೀರಿನಲ್ಲಿ. ಸ್ವೀಡನ್ನಿನ ವೋಲ್ವೊ ಪೆಂಟಾ ಸಂಸ್ಥೆ 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು.

ಗೇರುಪೆಟ್ಟಿಗೆಯೊಳಗೆ ಎಣ್ಣೆ, ಸುತ್ತ ನೀರು. ತಿರುಗುವ ಶಾಫ್ಟ್ ಹೊರಬರುವಲ್ಲಿ ಇವೆರಡನ್ನೂ ಬೇರೆಯಾಗಿಡುವುದು ರಬ್ಬರಿನ ಸೀಲ್. ಸಾಮಾನ್ಯವಾಗಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೀಲ್‌ಗಳಿರುತ್ತವೆ: ಒಂದು ಎಣ್ಣೆಯನ್ನು ತಡೆಯಲು, ಇನ್ನೊಂದು ನೀರನ್ನು. ಸೀಲಿನ ತುಟಿಯನ್ನು ಪುಟ್ಟ ಸ್ಪ್ರಿಂಗ್ ಬಳೆ ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ.

ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ಎಣ್ಣೆಯಲ್ಲಿ ಹರಡಿದ ನೀರಿನ ಸೂಕ್ಷ್ಮ ಹನಿಗಳು ಬೆಳಕನ್ನು ಚದುರಿಸುವುದರಿಂದ ಈ ಬಿಳುಪು. ಹಾಗೆಯೇ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಶೀತದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳುವುದುಂಟು. ಎಷ್ಟೋ ವೇಳೆ ಸೀಲನ್ನು ಕೊಯ್ದಿರುವುದು ಪ್ರೊಪೆಲರಿನ ಬಳಿ ಸುತ್ತಿಕೊಂಡ ಗಾಳದ ನೈಲಾನ್ ದಾರ!

ಹೊಸ ಸೀಲ್ ಹಾಕಿದರೂ ಸೋರಿದರೆ? ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಬೇಕು. ಮರಳಿನ ಕಣಗಳು ತುಟಿಯಡಿ ಸಿಲುಕಿ, ಮೆತ್ತನೆಯ ರಬ್ಬರೇ ಉಕ್ಕಿನಲ್ಲಿ ಗೆರೆ ಕೊರೆದಿರುತ್ತದೆ. ಉಗುರು ಅದಕ್ಕೆ ತಗಲಿದರೆ ಸೀಲ್ ಮಾತ್ರ ಬದಲಿಸಿ ಫಲವಿಲ್ಲ. ಬಿಚ್ಚುವ ಮೊದಲೇ ಇದನ್ನು ನೆನೆಯುವ ಮೆಕ್ಯಾನಿಕ್ ಜಾಣ.

ಜೋಡಿಸಿದ ಮೇಲೆ, ಎಣ್ಣೆ ತುಂಬುವ ಮುನ್ನ, ಪೆಟ್ಟಿಗೆಗೆ ಹಗುರವಾಗಿ ಗಾಳಿ ತುಂಬಿ ಒತ್ತಡಮಾಪಕದ ಮುಳ್ಳು ಇಳಿಯುವುದೇ ಎಂದು ಕಾಯುತ್ತಾರೆ. ಇಳಿದರೆ ಸಾಬೂನು ನೀರು ಸವರುತ್ತಾರೆ. ಗುಳ್ಳೆ ಎದ್ದ ಕಡೆ ಸೋರಿಕೆ.