ಸುಗಂಧದ್ರವ್ಯ: ಸಾರದ ಪ್ರಮಾಣವನ್ನು ಮುದ್ರಿಸುವುದು ಲೇಸು

ಸುಗಂಧದ್ರವ್ಯವನ್ನು ಕೊಳ್ಳುವ ಗ್ರಾಹಕನು ಸಾಮಾನ್ಯವಾಗಿ ಸೀಸೆಯ ಗಾತ್ರ ಹಾಗೂ ಬೆಲೆಗಳನ್ನಷ್ಟೇ ಹೋಲಿಸುತ್ತಾನೆ. ಸರಕಿನ ಮೌಲ್ಯವಾದರೋ ಆಲ್ಕೋಹಾಲಿನಲ್ಲಿ ಬೆರೆತಿರುವ ಸುಗಂಧಸಾರದ ಪ್ರಮಾಣವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಸ್ಥೂಲವಾಗಿ ಪರ್ಫ್ಯೂಮ್‌ನಲ್ಲಿ ಶೇ. 20ರಿಂದ 30, ಓ ದ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20, ಓ ದ ಟಾಯ್ಲೆಟ್‌ನಲ್ಲಿ ಶೇ. 5ರಿಂದ 15, ಯೂಡಿಕೊಲೋನ್‌ನಲ್ಲಿ ಶೇ. 2ರಿಂದ 5ರಷ್ಟು ಸಾರವಿರುತ್ತದೆ. ಇವು ಉದ್ಯಮದ ವಾಡಿಕೆಗಳೇ ಹೊರತು ಎಲ್ಲೆಡೆ ಅನ್ವಯಿಸುವ ಕಾನೂನಲ್ಲ. ಆದುದರಿಂದ ಒಂದೇ ಹೆಸರಿನ ಎರಡು ಸರಕುಗಳಲ್ಲಿಯೂ ವ್ಯತ್ಯಾಸವಿರಬಹುದು.

ಉದಾಹರಣೆಗೆ, 100 ಮಿ.ಲೀ.ನ ಎರಡು ಸೀಸೆಗಳಿವೆಯೆನ್ನೋಣ. 600 ರೂ.ಗಳ ಸೀಸೆಯಲ್ಲಿ ಶೇ. 5ರಷ್ಟು, 1,200 ರೂ.ಗಳ ಸೀಸೆಯಲ್ಲಿ ಶೇ. 20ರಷ್ಟು ಸಾರವಿದ್ದರೆ, ಒಂದು ಮಿ.ಲೀ. ಸಾರಕ್ಕೆ ಮೊದಲನೆಯದರಲ್ಲಿ 120 ರೂ., ಎರಡನೆಯದರಲ್ಲಿ 60 ರೂ. ತೆತ್ತಂತಾಗುತ್ತದೆ. ಅಗ್ಗವೆಂದು ಕಂಡದ್ದೇ ದುಬಾರಿ!

ಪ್ರಮಾಣವೊಂದೇ ಗುಣಮಟ್ಟವಲ್ಲವೆಂಬುದೂ ನಿಜ. ನಿಂಬೆ, ಕಿತ್ತಳೆಗಳ ಪರಿಮಳ ಬೇಗನೆ ಆರುತ್ತದೆ. ಶ್ರೀಗಂಧದ್ದು ಬಹುಕಾಲ ನಿಲ್ಲುತ್ತದೆ. ಕನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಹೂವಿನ ಆವಿಯನ್ನು ಶ್ರೀಗಂಧದೆಣ್ಣೆಯಲ್ಲಿ ಇಳಿಸಲಾಗುತ್ತದೆ. ಶ್ರೀಗಂಧ ದುಬಾರಿಯಾದಂತೆ ದ್ರವ ಪ್ಯಾರಫಿನ್ನಿನ ಬಳಕೆಯೂ ಬೆಳೆದಿರುವುದರಿಂದ, ಅತ್ತರಿನ ವಿಷಯದಲ್ಲಿ ಆಧಾರದ್ರವ್ಯ ಯಾವುದೆಂಬುದೇ ಮುಖ್ಯ ಪ್ರಶ್ನೆ.

ಸಣ್ಣ ತಯಾರಕರು ಸಾರದ ಶೇಕಡಾ ಪ್ರಮಾಣವನ್ನೂ ಆಧಾರದ್ರವ್ಯವನ್ನೂ ಸ್ವಯಂಪ್ರೇರಣೆಯಿಂದ ಮುದ್ರಿಸುವುದು ಒಳಿತು. ಇದರಿಂದ ಮಿಶ್ರಣದ ಗುಟ್ಟು ಬಯಲಾಗದು. ದೊಡ್ಡ ಕಂಪನಿಗಳ ಜಾಹೀರಾತಿಗೆ ಸರಿಗಟ್ಟಲಾಗದವರಿಗೆ ಈ ಪ್ರಾಮಾಣಿಕ ಅಂಕಿಯೇ ಬಂಡವಾಳ. ವರ್ತಕರೂ ದಾಸ್ತಾನು ಕೊಳ್ಳುವ ಮುನ್ನ ಈ ಅಂಕಿಯನ್ನು ಕೇಳಿ ಪಡೆಯತಕ್ಕದ್ದು.